ಮೂರನೇ ಬಂಡೆಯ ಹತ್ತಿರ ಸೋಲುವ ಮೋಟಾರು

ಆ ಶುಕ್ರವಾರ ಸಂಜೆ ಐದೂ ಇಪ್ಪತ್ತಕ್ಕೆ ನಮ್ಮ ಬೋಟಿನಲ್ಲಿ ಹನ್ನೊಂದು ಜನ, ಎರಡು ಮೂಟೆ ಹಿಂಡಿ, ಒಂದು ಬಂಡೂರು ಟಗರು ಇದ್ದವು. ಬೋಟು ಹೊರಡುವ ಮೊದಲೇ ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ತಲುಪಿದ ಹೊತ್ತನ್ನು ದಡದಲ್ಲಿ ಇಳಿದ ಮೇಲೆ ಬರೆಯುತ್ತೇನೆ. ಆ ದಿನದ ಸಾಲಿನಲ್ಲಿ ತಲುಪಿದ ಹೊತ್ತಿನ ಜಾಗ ಖಾಲಿ ಇದೆ.

ನಮ್ಮ ಪುಟ್ಟ ಹಳ್ಳಿ, ಅಂದರೆ ದೊಡ್ಡಿ, ಇರುವುದು ಬ್ಲಫ್ ಎಂಬ ಊರಿನಿಂದ ಹೊಳೆಯ ಮೇಲಕ್ಕೆ, ಕಾವೇರಿ ಎರಡಾಗಿ ಒಡೆದು ಹರಿಯುವ ಕಡೆ, ನಡುಗಡ್ಡೆಯ ಮೇಲೆ. ಮಳವಳ್ಳಿ ಕಡೆಯ ದಡಕ್ಕೆ ಬೋಟಿನಲ್ಲಿ ಹನ್ನೆರಡು ನಿಮಿಷ. ದಾರಿಯಲ್ಲಿ ಮೂರು ಬಂಡೆಗಳು ಸಿಗುತ್ತವೆ. ಮೂರನೆಯದರ ಹತ್ತಿರ ಹೊಳೆಯ ಸೆಳೆತ ಹೆಚ್ಚು, ಅದರ ಕೆಳಗೆ ಸ್ವಲ್ಪ ದೂರದಲ್ಲೇ ಹೊಳೆಗೆ ಅಡ್ಡ ಕಟ್ಟಿದ ಅಣೆ. ಅಣೆಯ ಮೇಲಿಂದ ನೀರು ಧುಮುಕುವ ಸದ್ದು ನಮಗೆ ಹಗಲೂ ರಾತ್ರಿ ಕೇಳುತ್ತದೆ. ದಡದಲ್ಲಿದ್ದಾಗ ಅದರ ಕಡೆ ಗಮನವೇ ಹೋಗುವುದಿಲ್ಲ.

ಮೂರನೇ ಬಂಡೆ ಬಂದಾಗ ಮೋಟಾರಿನ ದನಿ ಇಳಿಯಿತು. ಅಪ್ಪ ಹಿಡಿಯನ್ನು ಪೂರ್ತಿ ತಿರುಗಿಸಿದರೂ ಏರಲಿಲ್ಲ. ಎರಡು ಸಲ ಕೆಮ್ಮಿ ನಿಂತುಹೋಯಿತು. ಆಗ ಅಣೆಯ ಸದ್ದು ಕೇಳಿಸಿತು. ಬೋಟು ಮೆಲ್ಲಗೆ ಅಡ್ಡ ತಿರುಗಿ ಕೆಳಕ್ಕೆ ಜಾರತೊಡಗಿತು.

ಟಗರಿನ ಪಕ್ಕದಲ್ಲಿ ಕುಳಿತಿದ್ದವನೊಬ್ಬ, "ಟಗರ್ನ ನೀರಿಗ್ ತಳ್ಳುದ್ರೆ ಬೋಟು ಅಗುರಾಯ್ತದೆ ಕಣ್ಲಾ" ಅಂದ.

"ನಿನ್ನೇ ತಳ್ಳುದ್ರೆ ಇನ್ನೂ ಅಗುರಾಯ್ತದೆ, ಸುಮ್ಕಿರ್ಲಾ" ಅಂದ ಟಗರಿನ ಯಜಮಾನ. ಯಾರೂ ನಗಲಿಲ್ಲ.

ಅಪ್ಪ ಬಿದಿರಿನ ಗಳವನ್ನು ಬಂಡೆಯ ಸಂದಿಗೆ ಚುಚ್ಚಿ, ಎದೆ ಕೊಟ್ಟು ಬೋಟನ್ನು ನಿಲ್ಲಿಸಿಕೊಂಡರು. ಇನ್ನಿಬ್ಬರು ಗಂಡಸರೂ ಗಳ ಹಿಡಿದರು. ಐದು ನಿಮಿಷ ಬಿಟ್ಟು ಹಗ್ಗ ಎಳೆದಾಗ ಮೋಟಾರು ಏನೂ ಆಗಿಲ್ಲವೆಂಬಂತೆ ಒಂದೇ ಎಳೆತಕ್ಕೆ ಶುರುವಾಯಿತು.

ಸಂಕ್ರಾಂತಿಯಿಂದ ಈಚೆಗೆ ಇದು ಒಂಬತ್ತನೆಯ ಸಲ. ಒಂಬತ್ತರಲ್ಲಿ ಏಳು ಸಲ ಶುಕ್ರವಾರ ಇಲ್ಲವೇ ಶನಿವಾರ. ವಾರದ ಕೊನೆಗೆ ಜನ ಜಾಸ್ತಿ, ಅದಕ್ಕೇ ಸೋಲುತ್ತದೆ ಎಂದು ಪಕ್ಕದಲ್ಲಿ ನಾನೇ ಕಾರಣವನ್ನೂ ಬರೆದಿದ್ದೆ. ಖಾಲಿ ಬೋಟಿನಲ್ಲಿ ಅದು ಒಮ್ಮೆಯೂ ನಿಂತಿರಲಿಲ್ಲ.

ಬೇರೆ ಸಮಯದಲ್ಲಾದರೆ ಜನ ಬೈದು ಸುಮ್ಮನಾಗುತ್ತಿದ್ದರು. ಆದರೆ ಸೋಮವಾರದಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ. ನನ್ನ ತಂಗಿಯೂ ಸೇರಿ ದೊಡ್ಡಿಯ ಆರು ಮಕ್ಕಳು ಬೆಳಗ್ಗೆ ಒಂಬತ್ತೂವರೆಗೆ ಆಚೆ ದಡದ ಶಾಲೆಯಲ್ಲಿರಬೇಕು. ಸೇತುವೆ ಸುತ್ತಿ ಹೋಗುವುದಾದರೆ ಎರಡು ಬಸ್ಸು ಬದಲಾಯಿಸಬೇಕು, ಮೊದಲನೆಯದು ಬರುವುದೇ ಒಂಬತ್ತರ ಮೇಲೆ. ನಾನೇ ದಾಟಿಸುತ್ತೇನೆ ಎಂದು ಅಪ್ಪ ಆರು ಮನೆಗೂ ಮಾತು ಕೊಟ್ಟಿದ್ದರು.

ಶನಿವಾರ ಬೆಳಗ್ಗೆ ಮೋಟಾರನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ, ಶನಿವಾರಕ್ಕೊಮ್ಮೆ ದೊಡ್ಡಿಗೆ ಬರುವ ಲಗೇಜ್ ಆಟೋದಲ್ಲಿ ಸೇತುವೆ ಸುತ್ತಿ ಮಳವಳ್ಳಿಗೆ ಒಯ್ದೆವು. ಅಲ್ಲಿನ ಮೆಕ್ಯಾನಿಕ್ ಪಂಪ್‌ಸೆಟ್ಟು, ಪವರ್ ಟಿಲ್ಲರು, ಔಷಧಿ ಹೊಡೆಯುವ ಮಿಷನ್ನು ಎಲ್ಲವನ್ನೂ ರಿಪೇರಿ ಮಾಡುವವರು. ನಾವು ಅವರನ್ನು ಭಾಯ್ ಎಂದು ಕರೆಯುತ್ತೇವೆ. ನಮ್ಮ ಮೋಟಾರು ನನಗಿಂತ ಹಳೆಯದು, ಅದರ ಹೊಟ್ಟೆಯೊಳಗೆ ಏನಿದೆ ಎಂಬುದು ಅವರೊಬ್ಬರಿಗೇ ಗೊತ್ತು.

ಅವರು ಮೋಟಾರನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟರು. ಮೇಲೆ ಮೊಳೆಗೆ ನೇತುಹಾಕಿದ್ದ ಪೆಟ್ರೋಲ್ ಬಾಟಲಿಯ ಪೈಪನ್ನು, ಗ್ಲೂಕೋಸ್ ಕೊಡುವ ಹಾಗೆ, ಅದಕ್ಕೆ ಸಿಕ್ಕಿಸಿ ಹಗ್ಗ ಎಳೆದರು. ಇಪ್ಪತ್ತೈದು ನಿಮಿಷ ಓಡಿತು. ಒಂದು ಸಲವೂ ತಡವರಿಸಲಿಲ್ಲ.

"ನೋಡಿ ಗೌಡ್ರೆ, ನನ್ನತ್ರ ಬಂದ್ರೆ ಮದುಮಗ ಥರ ಇರ್ತದೆ. ನಿಮ್ಮನೆಗೆ ಹೋದ್ರೆ ಕಾಯಿಲೆ. ಹನ್ನೆರಡು ಜನ ಕೂರ್ಸ್ಕೊಂಡು ಟಗರು ಬೇರೆ ಹತ್ಸಿದ್ರೆ ಅದೇನ್ ಮಾಡ್ತದೆ?"

"ಹನ್ನೆರಡಲ್ಲ ಭಾಯ್, ಹನ್ನೊಂದು" ಅಂದೆ.

"ಬರ್ಕೊಂಡಿದ್ದೀಯಾ ಬೇಟಾ? ಬರ್ಕೋ. ನಾನು ಈ ಮೋಟಾರ್ ಮೂರ್ ಸಲ ಬಿಚ್ಚಿದ್ದೀನಿ ಅಂತಾನೂ ಬರ್ಕೋ."

ಅದೂ ಬರೆದಿತ್ತು. ಮೊದಲನೆಯ ಸಲ ಮಂಡ್ಯದಿಂದ ಹೊಸ ಪ್ಲಗ್ ತರಿಸಿ ಹಾಕಿದ್ದರು. ಆರಿದ ಮೇಲೆ ಮತ್ತೆ ಓಡುತ್ತದಾದ್ದರಿಂದ ಬಿಸಿಯೇ ಕಾರಣವೆಂದು ಎರಡನೆಯ ಸಲ ತಂಪಿನ ನೀರು ಎಳೆಯುವ ರಬ್ಬರ್ ರೆಕ್ಕೆ ಬದಲಾಯಿಸಿದ್ದರು. ಈಗ ಕಾರ್ಬೊರೇಟರ್ ತೊಳೆದರು. ಮನೆಗೆ ಬಂದ ಮೇಲೆ ಅಪ್ಪ ಒಂದೇ ಮಾತು ಹೇಳಿದರು: "ನಾಳೆ ಸಂಜೆ ಒಳ್ಗೆ ಗೊತ್ತಾಗ್ದಿದ್ರೆ ಮಕ್ಳುನ್ನ ಕೂರಸಾಕಿಲ್ಲ ಕಣಮ್ಮ. ಬೈಸ್ಕತೀನಿ."

ಬೋಟಿಲ್ಲದಿದ್ದರೆ ಪರೀಕ್ಷೆ ತಪ್ಪಿದಂತೆಯೇ ಎಂದು ನಮಗೆಲ್ಲ ಗೊತ್ತಿತ್ತು. ತಂಗಿ ಎದ್ದು ಒಳಗೆ ಹೋಗಿ ಗಣಿತದ ಪುಸ್ತಕ ತೆಗೆದಳು, ಒಂದು ಪುಟವನ್ನೂ ತಿರುಗಿಸಲಿಲ್ಲ.

ಭಾನುವಾರ ಬೆಳಗ್ಗೆ ನಾನು ಅಪ್ಪನಿಗೆ ಹೇಳಿದೆ: "ಡ್ರಮ್ಮಲ್ಲಿ ಅದು ಯಾರ್ನೂ ಎಳೀತಿಲ್ಲ ಅಪ್ಪ. ಬೋಟ್ನ ಮರಕ್ಕೆ ಕಟ್ಟಿ ಪೂರ್ತಿ ಓಡ್ಸಣ. ಮರ ಎಳ್ದಂಗೆ ಎಳೀಲಿ."

"ಮರ ಬಂದ್ಬುಟ್ರೆ?"

"ಬಂದ್ರೆ ಸೌದೆ ಆಯ್ತದೆ."

ಅವರು ಮೂರು ದಿನಗಳಲ್ಲಿ ಮೊದಲ ಸಲ ನಕ್ಕರು. ಹಿಂಡಿ ಮೂಟೆ ಕಟ್ಟುವ ಹಗ್ಗವನ್ನು ಮೂರು ಎಳೆ ಮಾಡಿ, ಬೋಟನ್ನು ದಡದ ಹೊಂಗೆ ಮರಕ್ಕೆ ಬಿಗಿದೆವು. ಅಪ್ಪ ಹಿಡಿ ತಿರುಗಿಸಿದರು. ಹಗ್ಗ ತಂತಿಯಂತೆ ಬಿಗಿಯಾಯಿತು, ಬೋಟಿನ ಹಿಂದೆ ನೀರು ಕೆಸರಾಗಿ ಕುದಿಯಿತು. ನಾನು ಮೊಬೈಲಿನಲ್ಲಿ ನಿಮಿಷ ಎಣಿಸುತ್ತಿದ್ದೆ. ಐದು ನಿಮಿಷ ಹತ್ತು ಸೆಕೆಂಡಿಗೆ ದನಿ ಇಳಿಯಿತು. ಅದೇ ಕೆಮ್ಮು. ನಿಂತಿತು.

ಈ ಸಲ ಯಾರೂ ಕಿರುಚುತ್ತಿರಲಿಲ್ಲ, ಬೋಟು ಎಲ್ಲಿಗೂ ಜಾರುತ್ತಿರಲಿಲ್ಲ. ನೋಡಲು ಪುರುಸೊತ್ತಿತ್ತು. ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಪೈಪಿನ ನಡುವೆ, ಪೆಟ್ರೋಲನ್ನು ಕೈಯಿಂದ ಒತ್ತಿ ಏರಿಸಲು ಮೊಟ್ಟೆಯಂಥ ಒಂದು ರಬ್ಬರ್ ಬಲ್ಬು ಇರುತ್ತದೆ. ಅದು ಒಣಗಿದ ಹುಣಸೆಕಾಯಿಯಂತೆ ಚಪ್ಪಟೆಯಾಗಿತ್ತು. ಭಾಯ್‌ಗೆ ಫೋನು ಮಾಡಿದೆ.

"ಚಪ್ಪಟೆನಾ? ಒಳಕ್ಕೆ ಎಳ್ಕೊಂಡದಾ?" ಅವರ ದನಿಯೇ ಬದಲಾಯಿತು. "ಟ್ಯಾಂಕ್ ಮುಚ್ಚಳ ತೆಗಿ. ಫೋನ್ ಹತ್ರ ಹಿಡಿ."

ತಿರುಗಿಸಿದೆ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಬಲ್ಬು ನಮ್ಮ ಕಣ್ಣೆದುರಿಗೇ ಉಬ್ಬಿ ದುಂಡಗಾಯಿತು.

"ಅರೆ, ಇಷ್ಟು ದಿನ ನೀವು ಮೋಟಾರ್ ತಂದ್ರಿ, ಟ್ಯಾಂಕ್ ತರ್ಲೇ ಇಲ್ವಲ್ಲ! ಮುಚ್ಚಳದ ನಡುವೆ ಗಾಳಿ ತೂತು ಇರ್ತದೆ. ನೋಡು."

ತೂತು ಕಾಣಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಅರಿಶಿನವಿತ್ತು, ಅರಿಶಿನದ ನಡುವೆ ಕುಂಕುಮವಿತ್ತು. ಎರಡನ್ನೂ ಹಚ್ಚಿದವಳು ನಾನು.

ಪ್ರತಿ ಶುಕ್ರವಾರ ಬೆಳಗ್ಗೆ ಬೋಟು ತೊಳೆದು ಮೂರು ಕಡೆ ಬೊಟ್ಟಿಡುವುದು ಮನೆಯ ದೊಡ್ಡ ಮಗಳಾದ ನನ್ನ ಕೆಲಸ. ಮೂತಿಗೆ, ಮೋಟಾರಿನ ತಲೆಗೆ, ಹಣೆಯಂತೆ ದುಂಡಗಿರುವ ಆ ಮುಚ್ಚಳಕ್ಕೆ. ನೀರು ಸಿಡಿದು ಮಧ್ಯಾಹ್ನದೊಳಗೆ ಅಳಿಸಿಹೋಗುತ್ತಿತ್ತು. ಅದಕ್ಕೆ ಸಂಕ್ರಾಂತಿಯಿಂದ ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚತೊಡಗಿದ್ದೆ. ಹಚ್ಚಿದ ಒಂದೆರಡು ದಿನ ಗಟ್ಟಿಯಾಗಿ ಕೂರುತ್ತಿತ್ತು, ಆಮೇಲೆ ಬಿಸಿಲಿಗೆ ಬಿರುಕು ಬಿಟ್ಟು ಗಾಳಿ ಆಡುತ್ತಿತ್ತು. ಬೋಟು ಖಾಲಿ ಇದ್ದರೆ ಮೋಟಾರು ಕುಡಿಯುವ ಪೆಟ್ರೋಲು ಕಡಿಮೆ, ಸಂದಿಯಲ್ಲಿ ನುಸುಳುವ ಗಾಳಿಯೇ ಸಾಕಾಗುತ್ತಿತ್ತು. ಭಾರ ಹೇರಿದರೆ ಟ್ಯಾಂಕು ಉಸಿರು ಕಟ್ಟಿ ಪೆಟ್ರೋಲು ಬಿಡುತ್ತಿರಲಿಲ್ಲ, ಐದು ನಿಮಿಷ ನಿಂತರೆ ಗಾಳಿ ನುಸುಳಿ ಮತ್ತೆ ಬಿಡುತ್ತಿತ್ತು. ಶುಕ್ರವಾರ, ಶನಿವಾರಗಳನ್ನು ಲೆಕ್ಕ ಹಾಕಿದ್ದವಳು ನಾನೇ. ಬೊಟ್ಟಿಟ್ಟದ್ದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ, ಅದು ಟ್ರಿಪ್ಪಲ್ಲವಲ್ಲ.

ಬಳೆಯಲ್ಲಿದ್ದ ಪಿನ್ನು ತೆಗೆದು ತೂತು ಬಿಡಿಸಿದೆ. ಅಪ್ಪನಿಗೆ ಹೇಳಿದೆ. ಅವರು ಮುಚ್ಚಳವನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಾನು ಸಾಬ್ರ ಬಯ್ದೆ. ಸಾಬ್ರು ನನ್ನ ಬಯ್ದ್ರು. ನೀನ್ ಕೂತ್ಕಂಡು ಇಬ್ರದ್ನೂ ಬರ್ಕಂಡೆ." ಇಷ್ಟೇ ಹೇಳಿ ಮತ್ತೆ ಹಗ್ಗ ಎಳೆದರು. ಮರಕ್ಕೆ ಕಟ್ಟಿದ ಬೋಟಿನಲ್ಲಿ ಮೋಟಾರು ಮೂವತ್ತು ನಿಮಿಷ ಒಂದೇ ದನಿಯಲ್ಲಿ ಓಡಿತು.

ಸಂಜೆ ಪಕ್ಕದ ಮನೆಯ ಚಿಕ್ಕವ್ವ ಬಂದಳು. ಅವಳ ಮಗಳೂ ಆ ಆರು ಜನರಲ್ಲಿ ಒಬ್ಬಳು. ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳಿದಳು: "ನಿನ್ ಪುಸ್ತಕ ಏನ್ ಯೋಳ್ತದವ್ವಾ? ಕೂರಿಸ್ಲಾ, ಬ್ಯಾಡ್ವಾ?"

ಮರ ಎಳೆದ ಲೆಕ್ಕ ನನ್ನ ಬಳಿ ಇತ್ತು, ಮೂರನೇ ಬಂಡೆಯ ಲೆಕ್ಕ ಇರಲಿಲ್ಲ. ತಪ್ಪು ನನ್ನದೇ ಎಂದು ಹೇಳಿದೆ. ಮೂವತ್ತು ನಿಮಿಷ ಓಡಿದ್ದನ್ನೂ ಹೇಳಿದೆ. "ಅಂಗಾರೆ ನೀನೂ ಕೂತ್ಕ. ನಾನೂ ಬತ್ತೀನಿ" ಅಂದಳು.

ಸೋಮವಾರ ಎಂಟೂ ಹತ್ತು. ಎಂಟು ತಲೆ, ಅಪ್ಪ ಒಂಬತ್ತು. ಭಾರ ಶುಕ್ರವಾರದಷ್ಟಿರಲಿಲ್ಲ, ಆದರೆ ಮೇಲಿಂದ ನೀರು ಬಿಟ್ಟಿದ್ದರಿಂದ ಸೆಳೆತ ಅದಕ್ಕಿಂತ ಹೆಚ್ಚಿತ್ತು. ಗಳವನ್ನು ಚಿಕ್ಕವ್ವ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಳು. ನಾನು ಟ್ಯಾಂಕಿನ ಪಕ್ಕ ಕುಳಿತು ಬಲ್ಬನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಚಪ್ಪಟೆಯಾಗತೊಡಗಿದರೆ ಮುಚ್ಚಳ ಬಿಚ್ಚುವುದೆಂದು ಇನ್ನೊಂದು ಕೈ ಅದರ ಮೇಲಿತ್ತು.

ಮೊದಲನೇ ಬಂಡೆ. ಎರಡನೆಯದು. ತಂಗಿ ಹಾಲ್ ಟಿಕೆಟ್ಟಿನ ಪ್ಲಾಸ್ಟಿಕ್ ಕವರನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಳು. ಮೂರನೇ ಬಂಡೆಯ ಸೆಳೆತಕ್ಕೆ ಬೋಟು ಒಮ್ಮೆ ತೂಗಿತು. ಅಪ್ಪ ಹಿಡಿಯನ್ನು ಕೊನೆಯವರೆಗೂ ತಿರುಗಿಸಿದರು. ಅಂಗೈಯಲ್ಲಿ ಬಲ್ಬು ದುಂಡಗೇ ಇತ್ತು. ಮೋಟಾರಿನ ದನಿ ಇಳಿಯಲಿಲ್ಲ. ಬಂಡೆ ಹಿಂದಕ್ಕೆ ಹೋಯಿತು.

ದಡ ಮುಟ್ಟಿದಾಗ ಆರು ಜನರೂ ಹಾರಿ ಇಳಿದರು. ತಂಗಿ ಹಿಂದಿರುಗಿ ಕೂಡ ನೋಡದೆ ಏರಿಯ ಮೇಲೆ ಓಡಿದಳು. ನನ್ನ ಬೆರಳುಗಳು ಮುಚ್ಚಳದ ಮೇಲೆ ಮರಗಟ್ಟಿ ಹೋಗಿದ್ದವು, ಪೆನ್ನು ಹಿಡಿಯಲಾಗಲಿಲ್ಲ. ಚಿಕ್ಕವ್ವ ಗಳ ಕೆಳಗಿಟ್ಟು ನನ್ನ ನೋಟ್‌ಬುಕ್ಕನ್ನು ಕಣ್ಣಿನಲ್ಲೇ ತೋರಿಸಿದಳು.

"ಬರ್ಕ ಮತ್ತೆ. ಮುಟ್ಟುದ್ವು ಅಂತ ಬರ್ಕ."

ಎಂಟೂ ಇಪ್ಪತ್ತೆರಡು.