ಬೋರ್ಡಣ್ಣ ನೇತುಹಾಕಿದ ಪುಟ

ಬೋರ್ಡಣ್ಣ ಗುರುವಾರ ಮಧ್ಯಾಹ್ನ ತನ್ನ ಅಂಗಡಿಯ ನೆಲದ ಮೇಲೆ ಸತ್ತ. ಹೊಡೆದವರು ಗುಜರಿ ಧಣಿಯ ಆಳುಗಳು.

ಮೊದಲು ಅವನು ಅಂಗಡಿಗಳ ಹೆಸರು ಬರೆಯುತ್ತಿದ್ದ. ಬೋರ್ಡು ನೇತುಹಾಕಿದ ಮೇಲೆ, ಏಣಿ ಇಳಿಯುವ ಮುಂಚೆ, ಕೆಳಗೆ ನಿಂತ ಅಕ್ಕನನ್ನು ಕೇಳಲೇಬೇಕು: "ಸೊಟ್ಟ ಇದೆಯೇನಕ್ಕ?" ಕುಂಚಕ್ಕೆ ಕೆಲಸ ತಪ್ಪಿದಾಗ ವೆಬ್‌ಸೈಟ್ ಮಾಡುವುದನ್ನು ಕಲಿತ. "ಇದೂ ಬೋರ್ಡೇ. ಒಂದ್ಸಲ ಬರೆದಿಟ್ರೆ ಆಯ್ತು, ಬಂದೋರು ಓದ್ಕೊಂಡು ಹೋಗ್ತಾರೆ" ಎನ್ನುತ್ತಿದ್ದ.

ಕೆಲಸ ಬಿಡುತ್ತೇವೆ ಎಂದ ಕೂಲಿಗಳ ಕಾಲು ಮುರಿಸುವುದು ಧಣಿಯ ರೀತಿ. ಮುರಿದ ಕಾಲುಗಳ, ಅವನ್ನು ಮುರಿದ ಆಳುಗಳ ಮುಖಗಳ ಫೋಟೋ ಹಾಕಿ ಬೋರ್ಡಣ್ಣ ಒಂದು ಪುಟ ಮಾಡಿದ. ಆ ಮುಖಗಳು ಕಾಣುತ್ತಿದ್ದದ್ದು ಅಲ್ಲಿ ಮಾತ್ರ. ಅಂಗಡಿಯ ಕಂಪ್ಯೂಟರಿನಿಂದಲೇ ಅದು ಊರಿಗೆಲ್ಲ ತೆರೆಯುತ್ತಿತ್ತು. ಆಳುಗಳು ಸಲಾಕೆ ತಂದು ಕಂಪ್ಯೂಟರಿನ ಪರದೆ ಪುಡಿ ಮಾಡಿ, ಅವನ ಎರಡು ಹಲ್ಲು ಉದುರಿಸಿ ಹೋದರು. ಮೇಜಿನ ಕೆಳಗಿನ ಸಿಪಿಯು ಡಬ್ಬ ಗುಂಯ್ ಎನ್ನುತ್ತಲೇ ಇತ್ತು. ಪುಟವೂ ಇತ್ತು.

"ಕನ್ನಡಿ ಒಡೆದ್ರೆ ಮುಖ ಹೋಗುತ್ತಾ?" ಅವನು ರಕ್ತ ಉಗಿದು ನಕ್ಕ.

"ನಗು ನಗು. ಇನ್ನೂ ಮೂವತ್ತು ಹಲ್ಲಿವೆ ಅಂತ ಅವರಿಗೂ ಗೊತ್ತು" ಎಂದಳು ಅಕ್ಕ.

ಎರಡನೆಯ ಸಲಕ್ಕೆ ಅವರಿಗೆ ಬುದ್ಧಿ ಬಂದಿತ್ತು. ಡಬ್ಬವನ್ನೇ ಬೀದಿಗೆಳೆದು ಜಜ್ಜಿದರು. ಪುಟ ಆರಿಹೋಯಿತು.

"ನಿನ್ನ ಗೋಡೆಗೇ ಯಾಕೋ ನೇತುಹಾಕ್ತೀಯ? ಬೇರೆ ಗೋಡೆ ಇಲ್ವಾ?" ಎಂದಳು ಅಕ್ಕ.

ಮಾತು ನಾಟಿತು. ಕಡತಗಳ ನಕಲು ಅವಳ ಫೋನಿನಲ್ಲಿತ್ತು. ದೂರದ ಕಂಪನಿಯೊಂದು ಇಂಥ ಪುಟಗಳಿಗೆ ಪುಕ್ಕಟೆ ಜಾಗ ಕೊಡುತ್ತಿತ್ತು. ಅಲ್ಲಿಗೆ ಏರಿಸಿದ. ಇನ್ನೊಂದು ಕಂಪನಿಯಲ್ಲೂ ಖಾತೆ ತೆರೆದು ಖಾಲಿ ಬಿಟ್ಟಿದ್ದ.

ಗುರುವಾರ ಅವರು ಷಟರ್ ಅರ್ಧ ಎಳೆದು ಒಳಬಂದರು. ಅಕ್ಕನನ್ನು ಒಳಕೋಣೆಗೆ ತಳ್ಳಿ ಚಿಲಕ ಹಾಕಿದರು.

"ಅಳಿಸೋ."

ಅಳಿಸಲಿಲ್ಲ. ಅವನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಷಟರ್ ಬಿಟ್ಟರು. ಮೂಳೆ ಮುರಿದ ಸದ್ದು ಒಳಕೋಣೆಗೂ ಕೇಳಿತು. ಪಕ್ಕೆಗೆ ಒದ್ದರು, ಸುಸ್ತಾಗುವ ತನಕ ಒದ್ದರು. ಆಗಲೂ ಅಳಿಸಲಿಲ್ಲ. ಅಕ್ಕನ ಕೂದಲು ಹಿಡಿದು ಎಳೆತಂದಾಗ ತನ್ನ ಫೋನಿನಲ್ಲಿ ಎಡಗೈಯಿಂದ ಅಳಿಸಿದ. ಖಾಲಿ ಪುಟ ನೋಡಿಕೊಂಡು, ಹೋಗುವಾಗ ಅವನ ತಲೆಗೊಂದು ಸಲಾಕೆಯ ಏಟು ಹಾಕಿ ಹೋದರು.

"ಆಂಬುಲೆನ್ಸ್‌ಗೆ ಹೇಳಿದೀನಿ. ಅಲ್ಲಾಡಬೇಡ."

"ಫೋನ್ ಕೊಡಕ್ಕ. ಇನ್ನೊಂದು ಗೋಡೆ ಇದೆ."

ಅವನು ಎಡಗೈ ಹೆಬ್ಬೆರಳಿನಿಂದ ಕಡತಗಳನ್ನು ಒಂದೊಂದಾಗಿ ಆರಿಸಿ, 'ಪ್ರಕಟಿಸು' ಒತ್ತಿದ. ಪರದೆಗೆ ಮೆತ್ತಿದ ರಕ್ತವನ್ನು ಅಕ್ಕ ಒರೆಸಿದಳು. ಮುಖಗಳು ಮತ್ತೆ ತೆರೆದುಕೊಂಡವು. ಅವನು ಫೋನನ್ನು ಅವಳ ಕಡೆ ತಿರುಗಿಸಿ ಕೇಳಿದ:

"ಸೊಟ್ಟ ಇದೆಯೇನಕ್ಕ?"