ಮೇಲಿನ ಕೇರಿಯ ಮಿಡಿ

ಶಿರಸಿಯಲ್ಲಿ ನಮ್ಮದು ಇಳಿಜಾರಿನ ಕೇರಿ. ಮೇಲಿನ ಕೇರಿಯವರು ಅಂಗಳ ತೊಳೆದ ನೀರು ನಮ್ಮ ಗೇಟಿನ ಮುಂದೆಯೇ ಹಾದು ಹೋಗಬೇಕು. ಅವರ ಸುದ್ದಿಯೂ ಹಾಗೆಯೇ ಇಳಿದು ಬರುತ್ತದೆ. ಅಲ್ಲಿ ಪಾರ್ಕ್ ಆಗುತ್ತದಂತೆ ಎಂದು ಹಾಲು ತರುವವಳು ಹೇಳಿದಾಗ ನಾನು ದೋಸೆ ಎರೆಯುತ್ತಿದ್ದೆ. ಆ ದೋಸೆ ಸೀದುಹೋಯಿತು. ಇಂಥದ್ದಕ್ಕೆ ಜನ ಬೇಸರ, ಕಾಳಜಿ ಎಂದೆಲ್ಲ ಹೆಸರಿಡುತ್ತಾರೆ. ನನಗೆ ಆದದ್ದು ಶುದ್ಧ ಹೊಟ್ಟೆಕಿಚ್ಚು.

ಅದೇನು ದೊಡ್ಡ ಜಾಗವೂ ಅಲ್ಲ. ಲಂಟಾನ ಬೆಳೆದು ನಾಯಿಗಳು ಮಲಗುತ್ತಿದ್ದ ಖಾಲಿ ನಿವೇಶನ. ನಗರಸಭೆ ಬೇಲಿ ಹಾಕಿ ಗೇಟು ಕೂರಿಸಿ ಕೊಡುತ್ತದೆ, ಗಿಡ, ಬೆಂಚು, ಕಾಲುದಾರಿಯನ್ನೆಲ್ಲ ಕೇರಿಯವರೇ ವಂತಿಗೆ ಎತ್ತಿ ಮಾಡಿಕೊಳ್ಳಬೇಕು ಎಂದು ತೀರ್ಮಾನವಾಗಿತ್ತು. ವಂತಿಗೆ ಎಂದ ಕೂಡಲೇ ನನಗೆ ಸಮಾಧಾನವಾಯಿತು. ನಮ್ಮೂರಲ್ಲಿ ವಂತಿಗೆಯ ಪುಸ್ತಕ ಹಿಡಿದವರನ್ನು ಕಂಡರೆ ಎದುರಿನ ಮನೆಯವರು ಹಿತ್ತಲ ಬಾಗಿಲಿಂದ ಪೇಟೆಗೆ ಹೋಗುತ್ತಾರೆ. ಬೇಲಿ, ಗೇಟು ಆದಮೇಲೆ ಲಂಟಾನ ಮತ್ತೆ ಚಿಗುರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಆದರೆ ಅಲ್ಲಿ ಟೀಚರ್ ಇದ್ದರು. ಬನವಾಸಿ ಕಡೆಯವರು, ಶಾಲೆಯಿಂದ ನಿವೃತ್ತಿಯಾದ ಮೇಲೆ ಮೇಲಿನ ಕೇರಿಯಲ್ಲಿ ಮನೆ ಕಟ್ಟಿಸಿದವರು. ಎರಡೂ ಕೇರಿಯವರಿಗೆ ಅವರು ಟೀಚರೇ. ಯಾರ ಮೇಲೂ ಸಿಟ್ಟಾಗುವುದಿಲ್ಲ. ಮೂಗಿನ ಮೇಲೇ ಕೋಪ ಇರುವ ನನ್ನಂಥವಳಿಗೆ ಅದಕ್ಕಿಂತ ಸಿಟ್ಟು ಬರಿಸುವ ಗುಣ ಇನ್ನೊಂದಿಲ್ಲ. ಅವರು ವಂತಿಗೆಯ ಪುಸ್ತಕವನ್ನೇ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ಸೀದಾ ನಮ್ಮ ಮನೆಗೆ ಬಂದು, ಜಗುಲಿಯಲ್ಲಿ ಕೂತಿದ್ದ ನನ್ನ ಅತ್ತೆಯ ಪಕ್ಕ ಕುಳಿತರು.

"ಅಜ್ಜಿ, ನಂಗ ತೊಡದೇವು ಎರಿಯೋದು ಕಲಿಸ್ರಿ. ಮೇಲಿನ ಕೇರಿ ಹೆಣ್ಮಕ್ಕಳೆಲ್ಲ ಸೇರಿ ಮಾಡಿ ಮಾರ್ತೀವಿ. ಪಾರ್ಕಿನ ಖರ್ಚು ಅದರಾಗ ಎತ್ತೋಣು ಅಂತ."

ಕಬ್ಬಿನ ಹಾಲಿನಲ್ಲಿ ಕಲಸಿದ ಹಿಟ್ಟನ್ನು, ಬೋರಲು ಹಾಕಿದ ಕಾದ ಮಡಕೆಯ ಮೇಲೆ ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಸಲ ಎಳೆದು, ಹರಿಯದಂತೆ ಎಬ್ಬಿಸುವುದು ತೊಡದೇವು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನಗೂ ಕಲಿಸಲು ನೋಡಿದ್ದರು. ನನ್ನದು ಆಗಲೂ ಹರಿಯುತ್ತಿತ್ತು, ಈಗಲೂ ಹರಿಯುತ್ತದೆ. ಅತ್ತೆ ಹಿತ್ತಲಲ್ಲಿ ಒಲೆ ಹೂಡಿ ಕಲಿಸಿದ ದಿನ, ಕಾಫಿಗೆ ನೀರಿಟ್ಟು ನಾನು ಅಲ್ಲಿಗೆ ಬರುವುದರೊಳಗೆ ಟೀಚರ್ ಎರೆದದ್ದು ಇಡಿಯಾಗಿ ಎದ್ದು ಬಂದಿತ್ತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನನ್ನನ್ನೇ ಕರೆದರು.

"ನೋಡೇ, ಎಷ್ಟು ಚೊಲೋ ಬಂತು ಹೇಳಿ!"

ಆ ಚಳಿಗಾಲ ಊರೆಲ್ಲ ಮೇಲಿನ ಕೇರಿಯ ತೊಡದೇವು ತಿಂದಿತು. ನಮ್ಮನೆಯವರೂ ಒಂದು ಕಟ್ಟು ಹಿಡಿದು ಬಂದರು. ಸಿದ್ದಾಪುರದಿಂದ ಬಂದ ನೆಂಟರು ಇನ್ನೂ ಸಿಗುತ್ತದೆಯೇ ಎಂದು ಕೇಳಿದರು. ಮಳೆಗಾಲ ಮುಗಿಯುವುದರೊಳಗೆ ಪಾರ್ಕಿನಲ್ಲಿ ಹುಲ್ಲು ಹಸಿರಾಗಿ, ಕಲ್ಲಿನ ಬೆಂಚು ಬಂದು, ಅತ್ತೆ ದಿನಾ ಸಂಜೆ ಕೋಲು ಊರಿಕೊಂಡು ಏರು ಹತ್ತತೊಡಗಿದರು. ಇಲ್ಲೇ ಜಗುಲಿಯಲ್ಲಿ ಕೂತರಾಗದೇ ಎಂದು ಕೇಳಿದೆ.

"ಅಲ್ಲಿ ಗಾಳಿ ಬತ್ತು, ಮಾತಾಡಲೆ ಜನ ಸಿಗ್ತ. ಇಲ್ಲಿ ಎಂತ ಇದ್ದು? ನಿನ್ನ ಊದಿದ ಮೋರೆ."

ನಮ್ಮಲ್ಲಿ ಏನೂ ಇರಲಿಲ್ಲವೆಂದಲ್ಲ. ಒಂದು ಮಿಡಿಮಾವಿನ ಮರ ಇತ್ತು. ಅಪ್ಪೆಮಿಡಿ, ಅದರಲ್ಲೂ ಜೀರಿಗೆ ಪರಿಮಳದ್ದು. ತೊಟ್ಟು ಮುರಿದರೆ ಸೊನೆಯ ಘಮ ನಡುಮನೆಯವರೆಗೆ ಬರುತ್ತಿತ್ತು. ಆ ಮಿಡಿಯ ಉಪ್ಪಿನಕಾಯಿ ನಮ್ಮ ಮನೆಯ ಮರ್ಯಾದೆ. ನಮ್ಮ ಕಡೆ ಒಂದು ಪದ್ಧತಿಯಿದೆ. ಉಪ್ಪಿನಕಾಯಿಯನ್ನು ಕೇಳಿದವರಿಗೆಲ್ಲ ಕೊಡಬಹುದು, ಮರದ ಕಡ್ಡಿಯನ್ನು ಮಾತ್ರ ಯೋಚಿಸಿ ಕೊಡಬೇಕು. ಗೊರಟಿನಿಂದ ಹುಟ್ಟಿದ ಗಿಡಕ್ಕೆ ತಾಯಿಯ ಪರಿಮಳ ಬರುತ್ತದೆಂದು ನಂಬುವ ಹಾಗಿಲ್ಲ. ಅದೇ ಪರಿಮಳ ಬೇಕೆಂದರೆ ಕಡ್ಡಿ ತಂದು ಕಸಿ ಕಟ್ಟಬೇಕು. ಕಡ್ಡಿ ಕೊಟ್ಟರೆ ಮರವನ್ನೇ ಕೊಟ್ಟ ಹಾಗೆ. ಪಾರ್ಕಿಗೆಂದು ಟೀಚರ್ ಒಂದು ಕಡ್ಡಿ ಕೇಳಿದ್ದರು. ಮಳೆ ಬರಲಿ, ನೋಡುವಾ ಎಂದೆ. ಮಳೆ ಬಂದಾಗ, ಈ ಸಲ ಚಿಗುರು ಸರಿಯಿಲ್ಲ ಎಂದೆ. ಅವರು ನಕ್ಕು ಸುಮ್ಮನಾದರು. ಅವರ ಬೆಂಚು ಅವರಿಗಿರಲಿ, ನನ್ನ ಮಿಡಿ ನನಗಿರಲಿ ಎಂದು ಒಳಗೊಳಗೇ ಖುಷಿಪಟ್ಟೆ.

ಖುಷಿ ಸಾಲಲಿಲ್ಲ. ಅವರಿಗೆ ಪಾರ್ಕ್ ಆದರೆ ನಮಗೂ ಏನಾದರೂ ಆಗಬೇಕಲ್ಲ. ಕೆಳಗಿನ ಕೇರಿಯ ರಸ್ತೆಯ ಹೊಂಡಗಳ ಬಗ್ಗೆ ಕೇರಿಯವರ ಸಹಿ ಹಾಕಿಸಿದವಳು ನಾನು. ವಾರ್ಡಿನ ಸದಸ್ಯರು ಬಂದಾಗ ಅವಲಕ್ಕಿ ಕಲಸಿ ಕೊಟ್ಟವಳೂ ನಾನೇ. ಕಾಂಕ್ರೀಟು ರಸ್ತೆ ಮಂಜೂರಾಯಿತು ಎಂದು ಅವರು ಹೇಳಿದಾಗ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

"ಮೇಲಿನ ಕೇರಿ ರಸ್ತೆಗಿಂತ ಒಂದು ಮೊಳನಾದ್ರೂ ಅಗಲ ಇರಲಿ" ಎಂದೆ.

ಸದಸ್ಯರು ಅವಲಕ್ಕಿ ಚೆನ್ನಾಗಿದೆ ಎಂದರು. ಅಗಲವೂ ಮಂಜೂರಾಯಿತು.

ಕಾಂಪೌಂಡ್ ಕಟ್ಟಿಸುವಾಗ ಮಿಡಿಮರದ ಬೇರಿಗೆ ಪೆಟ್ಟಾಗಬಾರದೆಂದು ಗೋಡೆಯನ್ನು ಒಳಗೆ ಸರಿಸಿ ಕಟ್ಟಿಸಿದ್ದೆವು. ಮರ ಗೋಡೆಯ ಹೊರಗೆ ಉಳಿಯಿತು. ಹೊರಗಿದ್ದರೂ ಅದು ನಮ್ಮದೇ ಎಂದು ಕೇರಿಗೆಲ್ಲ ಗೊತ್ತಿತ್ತು. ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ. ಅಳತೆಯವರು ಎಳೆದ ಸುಣ್ಣದ ಗೆರೆ ಮರವನ್ನು ದಾಟಿ, ನಮ್ಮ ಗೋಡೆಗೆ ತಾಗಿಕೊಂಡು ಹೋಯಿತು. ನಾನು ಓಡಿ ಹೋಗಿ ಆ ಬದಿಗೆ ಸ್ವಲ್ಪ ಸಪೂರ ಮಾಡಿ ಎಂದು ಬೇಡಿದೆ.

"ಅಗಲ ಬೇಕು ಅಂತ ನಿಮ್ಮ ಕೇರಿಯವರೇ ಕೇಳಿದ್ದಲ್ಲವಾ ಅಮ್ಮ?" ಎಂದರು ಅಳತೆಯವರು, ಪಾಪ, ಏನೂ ತಿಳಿಯದೆ.

ಅಪ್ಪಿಕೋ ಚಳವಳಿಯಲ್ಲಿ ಮರ ಅಪ್ಪಿಕೊಂಡು ಹೆಸರಾದ ತಾಲೂಕು ನಮ್ಮದು. ನಾನೂ ಹೋಗಿ ಅಪ್ಪಿಕೊಂಡು ನಿಲ್ಲಬಹುದಿತ್ತು. ಆದರೆ ನಾನೇ ಓಡಾಡಿ ತಂದ ರಸ್ತೆಗೆ ನಾನೇ ಅಡ್ಡ ನಿಂತರೆ ಕೇರಿಯವರು ಏನೆಂದಾರು? ಅರಣ್ಯ ಇಲಾಖೆಯ ಅನುಮತಿ ತಡವಾಗಲಿ ಎಂದು ದೇವರಿಗೆ ಹೇಳಿಕೊಂಡೆ. ಅನುಮತಿ ಬಂದೇ ಬಂತು. ಮಾಡಿದ್ದುಣ್ಣೋ ಮಾರಾಯ ಎಂದು ನಮ್ಮನೆಯವರು ಬಾಯಿಬಿಟ್ಟು ಹೇಳಲಿಲ್ಲ. ಅವರ ಮುಖ ಹೇಳುತ್ತಿತ್ತು.

ಗರಗಸದ ಸದ್ದಿಗೆ ಮೇಲಿನ ಕೇರಿಯವರೂ ಇಳಿದು ಬಂದರು. ಟೀಚರ್ ನನ್ನ ಪಕ್ಕ ನಿಂತು ಭುಜದ ಮೇಲೆ ಕೈಯಿಟ್ಟರು. "ಸಮಾಧಾನ ಮಾಡ್ಕೋರಿ ಅಕ್ಕಾರ. ಎಲ್ಲಾ ಹೋತು ಅಂತ ತಿಳ್ಕೋಬ್ಯಾಡ್ರಿ" ಎಂದರು. ಅವರ ಕಣ್ಣು ಒಣಗಿಯೇ ಇತ್ತು. ಒಳಗೊಳಗೇ ಹಾಲು ಕುಡಿದಷ್ಟು ಖುಷಿಯಾಗಿದೆ ಎಂದುಕೊಂಡು ಭುಜ ಸರಿಸಿದೆ. ಅತ್ತೆ ಹೊರಗೇ ಬರಲಿಲ್ಲ, ದೇವರ ಕೋಣೆಯಲ್ಲಿ ಕೂತಿದ್ದರು. ಆ ವರ್ಷ ವಾನಳ್ಳಿ ಕಡೆಯಿಂದ ಮಿಡಿ ತರಿಸಿ ಉಪ್ಪಿಗೆ ಹಾಕಿದೆ. ಕೆಟ್ಟ ಮಿಡಿಯಲ್ಲ ಅದು. ಆದರೆ ಭರಣಿಯ ಬಾಯಿ ತೆರೆದಾಗ ಬೇರೆ ಯಾರದೋ ಮನೆಯ ವಾಸನೆ ಬಂತು.

ಮರು ವರ್ಷ ಒಂದು ಸಂಜೆ ಮೋಡ ಕಟ್ಟಿತೆಂದು, ಅತ್ತೆಯನ್ನು ಕರೆತರಲು ಕೊಡೆ ಹಿಡಿದು ಪಾರ್ಕಿಗೆ ಹೋದೆ. ಅಲ್ಲಿಯವರೆಗೆ ನಾನು ಅದರ ಗೇಟು ದಾಟಿರಲಿಲ್ಲ. ನಲ್ಲಿಯ ಹತ್ತಿರ ನನ್ನ ಸೊಂಟದೆತ್ತರದ ಒಂದು ಮಾವಿನ ಗಿಡ ನಿಂತಿತ್ತು. ಯಾವ ಮಾವಿನ ಗಿಡ ಕಂಡರೂ ಎಲೆ ಹರಿದು ಮೂಸುವುದು ನಮ್ಮ ಕಡೆಯವರ ಚಾಳಿ. ಮೂಸಿದೆ. ಜೀರಿಗೆ. ಇನ್ನೊಂದು ಎಲೆ ಹರಿದೆ. ಅದೂ ಜೀರಿಗೆ.

ಬೆಂಚಿನಲ್ಲಿ ಅತ್ತೆಯೂ ಟೀಚರೂ ಪಕ್ಕಪಕ್ಕ ಕೂತಿದ್ದರು. ಟೀಚರ್ ಎದ್ದು ನಿಂತರು. ಅತ್ತೆ ಏಳಲಿಲ್ಲ.

"ಟೀಚರ್‌ನ ಎಂತ ಬೈಯಡ. ಆನೇ ಕೊಟ್ಟಿದ್ದಿ" ಎಂದು ತಾವೇ ಕೊಟ್ಟದ್ದನ್ನು ಒಪ್ಪಿಕೊಂಡರು. "ನೀ ಯಲ್ಲಾಪುರಕ್ಕೆ ಅಪ್ಪನ ಮನೆಗೆ ಹೋದಾಗ ಕರೆದು ಕಡ್ಡಿ ಕೊಟ್ಟಿದ್ದಿ. ನಿಂಗೆ ಹೇಳಡ ಹೇಳಿ ಆಣೆ ಹಾಕ್ಸಿದ್ದಿ."

"ಯಂಗೆ ಎಂತಕ್ಕೆ ಹೇಳಿದ್ರಿಲ್ಲೆ?"

"ಹೇಳಿದ್ರೆ ನೀ ಕೊಡಲೆ ಬಿಡ್ತಿದ್ಯ?"

ಮರದ ಪರಿಮಳ ಭೂಮಿಯ ಮೇಲೆ ಉಳಿಯಿತಲ್ಲ ಎಂದು ಸಂತೋಷಪಡಬೇಕಿತ್ತು. ಒಳ್ಳೆಯವರಾಗಿದ್ದರೆ ಪಡುತ್ತಿದ್ದರು. ನನಗೆ ಮೊದಲಿಗಿಂತ ಹೆಚ್ಚು ಉರಿಯಿತು. ಪಾರ್ಕ್ ಅವರದು, ತೊಡದೇವು ಅವರದು, ನಮ್ಮ ಮರ ಅವರದು, ಕೊನೆಗೆ ನನ್ನ ಅತ್ತೆಯ ಗುಟ್ಟೂ ಅವರದೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಇನ್ನೂ ಬಂದಿಲ್ಲ.

ಆದರೂ ಅಂದಿನಿಂದ ದಿನಾ ಸಂಜೆ ಅತ್ತೆಯನ್ನು ಕರೆತರಲು ನಾನೇ ಹೋಗತೊಡಗಿದೆ. ಹೋದವಳು ಗಿಡದ ಬುಡ ನೋಡುತ್ತಿದ್ದೆ. ಗೊಬ್ಬರ ಹಾಕುವುದು ಅವರಿಗೆ ಗೊತ್ತಿಲ್ಲ ಎಂದು ಬೈದುಕೊಳ್ಳುತ್ತ ಮನೆಯಿಂದ ಗೊಬ್ಬರ ಹೊತ್ತೆ. ಟೀಚರ್ ಮಾತಾಡಿಸಿದರೆ ಹೂಂ ಎನ್ನುತ್ತಿದ್ದೆ, ಅಷ್ಟೇ. ಗಿಡ ಯಾರ ಮುಲಾಜೂ ಇಲ್ಲದೆ ಬೆಳೆಯಿತು.

ಈ ವರ್ಷ ಅದು ಮೊದಲ ಸಲ ಹಿಡಿಯಿತು. ಒಂದು ಸಣ್ಣ ಬುಟ್ಟಿಯಾಗುವಷ್ಟು ಮಿಡಿ. ಪಾರ್ಕಿನ ಬೇಲಿ ಒಂದು ಕಡೆ ಬಿದ್ದಿತ್ತು. ಗಣಪತಿ ಹಬ್ಬದಲ್ಲಿ ಮಂಟಪಕ್ಕೆ ಕಟ್ಟಿದ ಫಲಾವಳಿಯ ಹಣ್ಣುಕಾಯಿಗೆ ಸವಾಲು ಕೂಗುವ ಹಾಗೆ ಮಿಡಿಯನ್ನೂ ಹರಾಜು ಹಾಕಿ, ಬಂದ ದುಡ್ಡಿನಲ್ಲಿ ಬೇಲಿ ಸರಿಮಾಡುವುದೆಂದು ಅವರು ತೀರ್ಮಾನಿಸಿದರು. ನನ್ನ ಮನೆಯ ಮಿಡಿಗೆ ನಾನು ಸವಾಲು ಕೂಗಬೇಕು! ಹೋಗುವುದೇ ಇಲ್ಲ ಎಂದು ಬೆಳಿಗ್ಗೆಯಿಂದ ಹೇಳುತ್ತಿದ್ದವಳು, ಎಲ್ಲರಿಗಿಂತ ಮೊದಲು ಹೋಗಿ ಬುಟ್ಟಿಯ ಎದುರಿಗೇ ನಿಂತೆ.

ನಾನು ಕೂಗಿದೆ. ಯಾರೂ ಮೇಲೆ ಕೂಗಲಿಲ್ಲ. ಎರಡೂ ಕೇರಿಯವರಿಗೆ ಮರದ ಕಥೆ ಗೊತ್ತು. ನನ್ನ ಕೋಪ ಎಂಥದ್ದೆಂದೂ ಗೊತ್ತು. ಟೀಚರ್ ನೆಲ ನೋಡುತ್ತಿದ್ದರು. ಒಂದು ಸಲ, ಎರಡು ಸಲ ಎಂದು ಎಣಿಸುವಷ್ಟರಲ್ಲಿ ಬೆಂಚಿನಿಂದ ಒಂದು ಸಣ್ಣ ದನಿ ನನ್ನ ಮೇಲೆ ಕೂಗಿತು. ತಿರುಗಿ ನೋಡಿದರೆ ಅತ್ತೆ. ನಾನು ಏರಿಸಿದೆ. ಅವರೂ ಏರಿಸಿದರು. ಜನ ನಗತೊಡಗಿದರು. ಯಾರ ಪಕ್ಕ ಕೂತು ಯಾರ ಮೇಲೆ ಕೂಗುತ್ತಿದ್ದಾರೆ ಇವರು! ಹಲ್ಲು ಕಚ್ಚಿ, ಊರಲ್ಲಿ ಯಾರೂ ಮಿಡಿಗೆ ಕೊಡದ ರೇಟಿಗೆ ಕೂಗಿದೆ. ಅತ್ತೆ ಆಗ ಸೆರಗು ಹೊದ್ದುಕೊಂಡು ಸುಮ್ಮನಾದರು. ಟೀಚರ್ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

ಇಳಿಜಾರು ಇಳಿಯುವಾಗ ತಡೆಯಲಾಗಲಿಲ್ಲ. "ಅವ್ರ ಬೇಲಿಗೋಸ್ಕರ ಯನ್ನ ಮೇಲೇ ಕೂಗ್ತ್ರಾ ಅತ್ತೆ?" ಎಂದು ಕೇಳಿಯೇಬಿಟ್ಟೆ.

"ಬೇಲಿ ಹಾಳಾಗ್ಲಿ" ಎಂದರು ಅತ್ತೆ. "ಅಷ್ಟು ಕಮ್ಮಿಗೆ ಹೋಗಲೆ ಅದೆಂತ ಸಂತೆ ಮಿಡಿಯನೇ? ಯಮ್ಮನೆ ಮರದ್ದು. ಮರ್ಯಾದೆ ಬ್ಯಾಡ್ದಾ?"

ಬುಟ್ಟಿಯಿಂದ ಸೊನೆಯ ವಾಸನೆ ಬರುತ್ತಿತ್ತು. ನಮ್ಮ ಗೇಟು ಹತ್ತಿರವಾದಾಗ, ಅಷ್ಟು ಅಗಲದ, ನುಣ್ಣನೆಯ ಕಾಂಕ್ರೀಟಿನ ಮೇಲೆ, ಅತ್ತೆ ಕೋಲು ಊರುತ್ತ ಪಕ್ಕಕ್ಕೆ ಸರಿದು, ಮರ ಇದ್ದ ಜಾಗಕ್ಕೆ ಸುತ್ತು ಹಾಕಿ ನಡೆದರು. ಬುಟ್ಟಿ ಹೊತ್ತುಕೊಂಡು ನಾನೂ ಸುತ್ತು ಹಾಕಿದೆ.