ಉರ್ಕುಯಳ ಸರ್ಕಾರಿ ಟಗರು

ಹಿಮದ ಬೆಟ್ಟಗಳ ನಡುವಿನ ನಮ್ಮ ತಾಷ್-ಕೊರೂ ಊರಿನಲ್ಲಿ ಉರ್ಕುಯಳ ಮನೆಗೆ ಹೋಗಿ ಬರಿಹೊಟ್ಟೆಯಲ್ಲಿ ಹೊರಬಂದವರು ಯಾರೂ ಇಲ್ಲ. ದಾರಿ ಕೇಳಲು ಬಾಗಿಲು ತಟ್ಟಿದವನೂ ಬೆಣ್ಣೆ ಹಚ್ಚಿದ ರೊಟ್ಟಿ ತಿಂದ ಮೇಲೆಯೇ ದಾರಿ ತಿಳಿದುಕೊಳ್ಳಬೇಕು. ಒಮ್ಮೆ ಅವಳ ಕುದುರೆ ಕದಿಯಲು ಬಂದು ಸಿಕ್ಕಿಬಿದ್ದವನಿಗೆ ಮೊದಲು ಬಿಸಿ ಸಾರು ಕುಡಿಸಿ ಆಮೇಲೆ ಬೈದಳಂತೆ. ಎರಡೂ ಹೊಟ್ಟೆ ತುಂಬುವಷ್ಟಿತ್ತು ಎಂದು ಅವನೇ ಸಂತೆಯಲ್ಲಿ ಹೇಳಿಕೊಂಡು ತಿರುಗಿದ.

ಹುಡುಗಿಯಾಗಿದ್ದಾಗ ಅವಳು ಸಾಮೂಹಿಕ ಬೇಸಾಯದ ಕಾಲದ ಉಣ್ಣೆ ಕತ್ತರಿಸುವ ತಂಡದಲ್ಲಿದ್ದಳು. ಆಗಿನ ಕುರಿಗಳ ಉಣ್ಣೆ ಬೆಣ್ಣೆಯ ಹಾಗಿತ್ತು. ಆ ಕಾಲ ಮುಗಿದು, ಮಂದೆಗಳು ಮನೆಮನೆಗೆ ಹಂಚಿಹೋಗಿ, ಸಿಕ್ಕ ಸಿಕ್ಕ ಟಗರು ಬಿಟ್ಟು, ಉಣ್ಣೆ ಒರಟಾಯಿತು. ಕೊಳ್ಳುವವರಿಲ್ಲದೆ ಜನ ಅದನ್ನು ಬೇಲಿಯಾಚೆ ಎಸೆಯತೊಡಗಿದರು. ಎಸೆದ ಉಣ್ಣೆ ಕಂಡಾಗಲೆಲ್ಲ ಉರ್ಕುಯಳ ಹೊಟ್ಟೆ ಉರಿಯುತ್ತಿತ್ತು.

ಅದಕ್ಕಿಂತ ದೊಡ್ಡ ಸಂಕಟ ಮರಿಗಳದ್ದು. ನಮ್ಮಲ್ಲಿ ಕುರಿ ಮರಿ ಹಾಕುವ ಹೊತ್ತಿಗೆ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಎಳೆಯ ಮರಿಗಳನ್ನು ಅವಳು ಒಲೆಯ ಪಕ್ಕಕ್ಕೆ ತಂದು, ಒಲೆಯ ಪಕ್ಕ ತುಂಬಿದರೆ ಹಾಸಿಗೆಗೇ ತಂದು ಮಲಗಿಸುತ್ತಿದ್ದಳು. ಗಂಡ ತೋಲೋಗನ್ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದ. ಒಂದು ವರ್ಷ ಅಷ್ಟು ಮಾಡಿದರೂ ಅರ್ಧಕ್ಕರ್ಧ ಮರಿ ಸತ್ತವು. ಅವುಗಳ ಪುಟ್ಟ ಚರ್ಮಗಳನ್ನು ಒಂದರ ಮೇಲೊಂದು ಇಡುತ್ತಾ ಅವಳು ಅತ್ತದ್ದನ್ನು ಕಂಡವರು ಇಂದಿಗೂ ಆ ಮಾತು ಎತ್ತುವುದಿಲ್ಲ.

ಹೀಗಿರುವಾಗ ಸರ್ಕಾರದ ಯೋಜನೆಯೊಂದು ಬಂತು. ನಯವಾದ ಉಣ್ಣೆಯ ಜಾತಿ ಟಗರು ಕೊಡುತ್ತಾರೆ, ಮೂರು ವರ್ಷ ಸಾಕಬೇಕು. ಹುಲ್ಲುಗಾವಲನ್ನು ಪಾಳಿಯ ಮೇಲೆ ಮೇಯಿಸಿ ಅರ್ಧ ನೆಲಕ್ಕೆ ಬಿಡುವು ಕೊಡಬೇಕು. ಮಂದೆಗೆ ವಿಮೆ ಮಾಡಿಸಬೇಕು, ಕಂತಿನಲ್ಲಿ ಅರ್ಧ ಸರ್ಕಾರದ್ದು. ಎಲ್ಲವನ್ನೂ ಸರಿಯಾಗಿ ನಡೆಸಿದವರಿಗೆ ಕೊನೆಯಲ್ಲಿ ಮರಿಗಳಿಗೊಂದು ಬೆಚ್ಚನೆಯ ಕೊಟ್ಟಿಗೆ ಕಟ್ಟಿಸಿಕೊಡುತ್ತಾರೆ. ಊರಿನವರು ನೂರು ಕೊಂಕು ತೆಗೆದರು. ಉರ್ಕುಯಳ ಕಿವಿಗೆ ಬಿದ್ದದ್ದು ಕೊಟ್ಟಿಗೆ ಎಂಬ ಮಾತೊಂದೇ.

ಟಗರು ಬಂತು. ಸುರುಳಿ ಕೊಂಬು, ಕಿವಿಯಲ್ಲಿ ಸರ್ಕಾರದ ಸಂಖ್ಯೆ ಬರೆದ ಹಳದಿ ಓಲೆ, ಯಾರನ್ನೂ ಲೆಕ್ಕಕ್ಕಿಡದ ನೋಟ. ಊರು ಅದಕ್ಕೆ ಸಾಹೇಬ ಎಂದು ಹೆಸರಿಟ್ಟಿತು. ಉರ್ಕುಯ ಅದಕ್ಕೆ ಕೈಯಾರೆ ಕಾಳು ತಿನ್ನಿಸುತ್ತಿದ್ದಳು.

"ಇವಳೇ, ನನಗೂ ಒಂದು ಓಲೆ ಚುಚ್ಚಿಸಿಬಿಡೇ. ಆಗಲಾದ್ರೂ ಹೊತ್ತಿಗೆ ಸರಿಯಾಗಿ ಊಟ ಹಾಕ್ತೀಯೇನೋ" ಎಂದು ತೋಲೋಗನ್ ಗೊಣಗುತ್ತಿದ್ದ.

"ಸಾಹೇಬನ ಮೈಮೇಲೆ ಉಣ್ಣೆ ಬರುತ್ತೆ. ನಿನ್ನ ತಲೆ ಮೇಲೆ ಇದ್ದದ್ದೂ ಹೋಯ್ತಲ್ಲ!"

ಮೂರನೆಯ ವರ್ಷದ ಶರತ್ಕಾಲದಲ್ಲಿ ತಪಾಸಣೆಗೆ ಎಸೆನ್‌ಕುಲ್ ಎಂಬ ಅಧಿಕಾರಿ ಬಂದ. ನರೆತ ಮೀಸೆಯ, ಮಿತಭಾಷಿ ಮನುಷ್ಯ. ಸಾಹೇಬನ ಹಲ್ಲು ನೋಡಿದ, ಉಣ್ಣೆ ಬಿಡಿಸಿ ನೋಡಿದ, ಓಲೆಯ ಸಂಖ್ಯೆ ನೋಡಿದ. "ಟಗರು ಇದೆ, ಆರೋಗ್ಯವಾಗಿದೆ" ಎಂದು ಬರೆದು ಸಹಿ ಹಾಕಿದ. ಹೊರಡಬೇಕು ಎನ್ನುವಷ್ಟರಲ್ಲಿ ಹಿಮ ಬಿದ್ದು ಕಣಿವೆಯ ದಾರಿ ಮುಚ್ಚಿಹೋಯಿತು. ಉರ್ಕುಯ ಆಗಲೇ ಅವನ ಬೂಟುಗಳನ್ನು ಒಳಗೆ ಒಯ್ದು ಒಲೆಯ ಹತ್ತಿರ ಇಟ್ಟಾಗಿತ್ತು.

ಅಲ್ಲಿಂದ ಶುರುವಾಯಿತು ಗಂಡ ಹೆಂಡಿರ ಪೇಚಾಟ. ಅತಿಥಿ ಉಳಿದರೆ ಕುರಿ ಕೊಯ್ಯಬೇಕು. ಆದರೆ ಊರಿನ ಮಂದೆಗಳೆಲ್ಲ ಇನ್ನೂ ಬೆಟ್ಟದಾಚೆಯ ಹುಲ್ಲುಗಾವಲಿನಲ್ಲಿದ್ದವು. ತಪಾಸಣೆಗೆಂದು ಮನೆಯಲ್ಲಿ ಗೂಟಕ್ಕೆ ಕಟ್ಟಿದ್ದದ್ದು ಸಾಹೇಬನೊಬ್ಬನನ್ನೇ.

"ಪಕ್ಕದ ಮನೆಯಿಂದ ಕೋಳಿ ತರಲಾ?" ಎಂದ ತೋಲೋಗನ್.

"ಕೋಳಿ ಕೊಯ್ದು ಕಳಿಸಿದ್ರು ಅಂತ ಜಿಲ್ಲೆಯೆಲ್ಲಾ ಆಡ್ಕೊಳ್ಳಲಿ ಅಂತಾನಾ? ನಮ್ಮವ್ವ ಗೋರಿಯಿಂದ ಎದ್ದು ಬಂದಾಳು!"

"ಹಂಗಾದ್ರೆ ಉಳಿದಿರೋದು ಅವನೊಬ್ಬನೇ. ಅವನು ಸರ್ಕಾರದವನು, ಇವರೂ ಸರ್ಕಾರದವರು. ನಮ್ಮದೇನು ಹೋಯ್ತು?"

ಉರ್ಕುಯ ಗೂಟದ ಬಳಿಗೆ ಹೋದಳು. ಸಹಿ ಬಿದ್ದಾಯಿತು, ಮೂರು ವರ್ಷದ ಮಾತು ಮುಗಿಯಿತು, ಟಗರು ಇನ್ನು ನಮ್ಮದೇ ಎಂದು ಅವಳು ನಿಜವಾಗಿಯೂ ನಂಬಿದ್ದಳು. ತನ್ನದಾದ ಮೇಲೆ, ಇದ್ದುದರಲ್ಲಿ ಒಳ್ಳೆಯದು ಅತಿಥಿಗೆ. ಅವಳಿಗೆ ಬೇರೆ ಲೆಕ್ಕ ಗೊತ್ತಿರಲಿಲ್ಲ. ಸಾಹೇಬನ ಕೊರಳು ತಬ್ಬಿ, ಕಿವಿಯ ಓಲೆಯನ್ನು ತಾನೇ ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಕಣ್ಣು ಒರೆಸಿಕೊಂಡು, "ತಗೊಂಡು ಹೋಗು" ಎಂದಳು.

ಕೊಯ್ಯುವ ಮುಂಚೆ ಕುರಿಯನ್ನು ಅತಿಥಿಯ ಮುಂದೆ ತಂದು ನಿಲ್ಲಿಸಬೇಕು, ಅವನು ಅಂಗೈ ಬಿಚ್ಚಿ ಹರಸಬೇಕು. ಎಸೆನ್‌ಕುಲ್ ಸಿಗ್ನಲ್ ಸಿಗಲೆಂದು ಅಂಗಳದ ಬಂಡೆಯೊಂದರ ಮೇಲೆ ಹತ್ತಿ ನಿಂತು, ಫೋನಿನಲ್ಲಿ ಕಚೇರಿಯವರೊಡನೆ ಕೂಗಾಡುತ್ತಿದ್ದ. ಮುಸ್ಸಂಜೆ, ಮೇಲೆ ಬೀಳುವ ಹಿಮ. ಎದುರಿಗೆ ಕುರಿಯಾಕಾರ ಕಂಡಿತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಅಂಗೈ ಬಿಚ್ಚಿ, "ಈ ಮನೆ ತುಂಬಿರಲಿ, ಕೊಟ್ಟಿಗೆ ತುಂಬಿರಲಿ, ಆಮೀನ್" ಎಂದು ಮುಖ ಸವರಿಕೊಂಡ. ಮತ್ತೆ ಫೋನಿಗೆ ಹಿಂದಿರುಗಿದ.

ಊಟದ ಹೊತ್ತಿಗೆ ಪದ್ಧತಿಯಂತೆ ಬೇಯಿಸಿದ ತಲೆಯನ್ನು ಅವನ ಮುಂದಿಟ್ಟರು. ಎಸೆನ್‌ಕುಲ್ ಚಾಕು ಹಿಡಿದು, ಕಿರಿಯರಿಗೆ ಕೊಡಲೆಂದು ಕಿವಿ ಕೊಯ್ದ. ಕೊಯ್ದವನು ಅದನ್ನು ಬೆಳಕಿಗೆ ಹಿಡಿದ. ನಮ್ಮವರು ಗುರುತಿಗೆ ಕಿವಿಯ ಅಂಚನ್ನು ಕತ್ತರಿಸುತ್ತಾರೆ. ನಡುವೆ ದುಂಡಗೆ ತೂತು ಮಾಡುವುದು ಸರ್ಕಾರ ಮಾತ್ರ.

"ಅಕ್ಕ... ಇದು?"

"ಗುರುತು ಸಿಕ್ತಾ?" ಉರ್ಕುಯಳ ಮುಖ ಅರಳಿತು. "ಅವನೇ! ನಿಮಗಲ್ದೆ ಇನ್ಯಾರಿಗೆ ಕೊಡಲಿ? ತಗೊಳ್ಳಿ, ಬಿಸಿ ಇದ್ದಾಗಲೇ ತಿನ್ನಿ."

ಎಸೆನ್‌ಕುಲ್ ಚಾಕು ಕೆಳಗಿಟ್ಟ. "ಅಕ್ಕ, ವಸಂತದಲ್ಲಿ ಸಮಿತಿ ಬಂದು ನೋಡಬೇಕು. ಅಲ್ಲೀವರೆಗೂ ಟಗರು ಸರ್ಕಾರದ್ದು. ಅವನಿಲ್ಲ ಅಂದ್ರೆ ಕೊಟ್ಟಿಗೆನೂ ಇಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಬಾಯಿಗೆ ಬಂದದ್ದೇ ಅನಾಹುತವಾಯಿತು. ಉರ್ಕುಯ ತುಂಬಿದ್ದ ಸೌಟನ್ನು ಮತ್ತೆ ಸಾರಿಗೇ ಸುರಿದಳು. ಅವಳ ಕಣ್ಣ ಮುಂದೆ ಬಂದದ್ದು ಆ ಪುಟ್ಟ ಚರ್ಮಗಳು.

ತೋಲೋಗನ್ ಗಂಟಲು ಸರಿಮಾಡಿಕೊಂಡ. "ವಿಮೆ ಇದೆಯಲ್ಲ ಅಣ್ಣ? ತೋಳ ಹಿಡೀತು ಅಂತ ಬರೆದುಬಿಡಿ. ತೋಳ ಏನು ಬಂದು ಸಾಕ್ಷಿ ಹೇಳುತ್ತಾ?"

"ಬಾಯ್ಮುಚ್ಚು!" ಎಂದಳು ಉರ್ಕುಯ. "ನಾನಿರೋ ಅಂಗಳಕ್ಕೆ ತೋಳ ಬಂತು ಅಂದ್ರೆ ನಂಬೋ ಮೂಳ ಯಾರಿದಾನೆ? ನನ್ನ ಮನೆಗೆ ಬಂದಿದ್ದು ಅತಿಥಿ. ಹಂಗೇ ಬರೀರಿ ಅಣ್ಣ."

"ವಿಮೆಯಲ್ಲಿ ತೋಳ ಇದೆ, ಹಿಮ ಇದೆ, ಸಿಡಿಲಿದೆ, ರೋಗ ಇದೆ" ಎಂದ ಎಸೆನ್‌ಕುಲ್ ಮೆಲ್ಲಗೆ. "ಅತಿಥಿ ಅನ್ನೋ ಅಪಾಯ ಇಲ್ಲ ಅಕ್ಕ." ಕಿವಿಯನ್ನು ತಟ್ಟೆಯ ಅಂಚಿಗಿಟ್ಟ. "ಹರಸಿದವನು ನಾನೇ. ಕಣ್ಣುಬಿಟ್ಟು ನೋಡಲಿಲ್ಲ. ಅದನ್ನೂ ಬರೀತೀನಿ." ಆಮೇಲೆ ತಿಂದ. ಮುಂದಿಟ್ಟ ತಲೆಯನ್ನು ಬಿಟ್ಟೇಳುವುದು ಅವನಿಂದಲೂ ಆಗುವ ಮಾತಾಗಿರಲಿಲ್ಲ.

ಆ ಚಳಿಗಾಲ ಉರ್ಕುಯ ಕೈಕಟ್ಟಿ ಕೂರಲಿಲ್ಲ. ಮಂದೆ ಕೆಳಗಿಳಿದ ಮೇಲೆ ಸಾಹೇಬನ ಮಕ್ಕಳಲ್ಲಿ ಚೆಂದದ ಎರಡು ಟಗರುಗಳನ್ನು ಆರಿಸಿ, ಕಣಿವೆಯಾಚೆಯ ಊರಿಗೆ ನಡೆಸಿಕೊಂಡು ಹೋಗಿ ಕೊಟ್ಟು, ಅದೇ ಜಾತಿಯ ಬೇರೆ ರಕ್ತದ ಒಂದು ಟಗರನ್ನು ತಂದಳು.

ವಸಂತದಲ್ಲಿ ಐದು ಜನರ ಸಮಿತಿ ಬಂತು, ಜೊತೆಗೆ ಎಸೆನ್‌ಕುಲ್. ಅವನ ಬರಹ ಓದಿ ಕಚೇರಿಯೆಲ್ಲ ಬಿದ್ದು ಬಿದ್ದು ನಕ್ಕಿತ್ತಂತೆ. ಆದರೆ ಸಮಿತಿಯ ಮುಖ್ಯಸ್ಥೆ ನಗುವವಳಲ್ಲ. "ನಿಯಮ ನಿಯಮವೇ" ಎಂದಳು.

"ನಿಯಮ ಇರೋದು ಮಂದೆ ಸುಧಾರಿಸಲಿ ಅಂತ ತಾನೇ ಮೇಡಂ? ಬನ್ನಿ, ಕೈಯಿಟ್ಟು ನೋಡಿ" ಎಂದು ಎಸೆನ್‌ಕುಲ್ ಅವಳನ್ನು ದೊಡ್ಡಿಗೆ ಕರೆದೊಯ್ದ. ಸಾಹೇಬನ ಮಕ್ಕಳು, ಮೊಮ್ಮಕ್ಕಳು. ಅವಳು ಒಂದರ ಉಣ್ಣೆಯೊಳಗೆ ಬೆರಳು ತೂರಿಸಿದಳು, ಬೇಗ ತೆಗೆಯಲಿಲ್ಲ. ಬಿಡುವು ಕೊಟ್ಟ ಹುಲ್ಲುಗಾವಲನ್ನೂ ಹೊಸ ಟಗರನ್ನೂ ನೋಡಿದಳು. ಹೊಸಬನ ಕಿವಿಗೆ ಓಲೆ ಬಿತ್ತು. ಕೊಟ್ಟಿಗೆಗೆ ಒಪ್ಪಿಗೆಯೂ ಬಿತ್ತು.

ಉರ್ಕುಯ ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು. ಆಮೇಲೆ ಗಂಡನ ಮುಖ ನೋಡಿದಳು. ತೋಲೋಗನ್ ಚಾಕು ಹುಡುಕಲು ಎದ್ದ.

"ಚಹಾ ಸಾಕು ಅಕ್ಕ!" ಎಸೆನ್‌ಕುಲ್ ಒಂದೇ ನೆಗೆತಕ್ಕೆ ಹೋಗಿ ಹೊಸ ಟಗರಿನ ಕೊಂಬು ಹಿಡಿದುಕೊಂಡ. ಕಾರು ಹೊರಡುವವರೆಗೂ ಬಿಡಲಿಲ್ಲ, ಚಹಾವನ್ನೂ ಅಲ್ಲೇ ನಿಂತು ಕುಡಿದ.

ಕೊಟ್ಟಿಗೆ ಎದ್ದಿತು. ಮುಂದಿನ ವರ್ಷ ಒಂದು ಮರಿಯೂ ಸಾಯಲಿಲ್ಲ, ತೋಲೋಗನ್ ಕಾಲು ಚಾಚಿ ಮಲಗಿದ. ಆದರೂ ಉರ್ಕುಯಳಿಗೆ ಒಂದು ಕೊರಗು ಉಳಿದೇ ಇತ್ತು. ಅಷ್ಟು ಜನ ಬರೀ ಚಹಾ ಕುಡಿದು ಎದ್ದುಹೋದರಲ್ಲ.

ಆ ಕೊಟ್ಟಿಗೆಯಲ್ಲಿ ಹುಟ್ಟಿದ ಮೊದಲ ಮರಿಯ ಕಿವಿಗೆ ಅವಳು ಕತ್ತರಿ ತಾಗಿಸಲಿಲ್ಲ, ಓಲೆಯನ್ನೂ ಹಾಕಗೊಡಲಿಲ್ಲ. ಯಾರಾದರೂ ಕೇಳಿದರೆ ಹೇಳುತ್ತಾಳೆ: "ಅದು ಸರ್ಕಾರದ್ದೂ ಅಲ್ಲ, ನಮ್ದೂ ಅಲ್ಲ. ಎಸೆನ್‌ಕುಲ್ ಅಣ್ಣಂದು. ಬರಲಿ, ಈ ಸಲ ಕಣ್ಣುಬಿಟ್ಟು ಹರಸಲಿ."